ಹೊಳೆಯುವ ಅಂಗಿ, ಬದಲಿ ಆಸಾಮಿ

ಕಾಯಿಲೆಯಿಂದ ಎದ್ದವರನ್ನು ಜನ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ. ನಾನು ನಮ್ಮ ಯಜಮಾನರನ್ನು ಗ್ಲ್ಯಾಮ್ ರಾಕ್ ಕಾರ್ಯಕ್ರಮಗಳಿಗೆ ಕರೆದುಕೊಂಡು ಹೋದೆ. ಹೋದಲ್ಲೆಲ್ಲ ಒಂದಲ್ಲ ಒಂದು ಎಡವಟ್ಟು ಆಗದೆ ನಾವು ಮನೆಗೆ ಮರಳಿದ್ದೇ ಇಲ್ಲ.

ಗ್ಲ್ಯಾಮ್ ರಾಕ್ ಎಂದರೆ ಗಂಡಸರು ಮಿರಮಿರ ಮಿಂಚುವ ಅಂಗಿ ತೊಟ್ಟು, ಗೇಣೆತ್ತರದ ಹಿಮ್ಮಡಿಯ ಬೂಟು ಹಾಕಿ, ಕಣ್ಣಿಗೆ ಕಾಡಿಗೆ ತೀಡಿಕೊಂಡು ಗಿಟಾರ್ ಬಾರಿಸುವ ಸಂಗೀತ. ನಮ್ಮತ್ತೆ ಅದನ್ನು ಒಂದೇ ಮಾತಿನಲ್ಲಿ ‘ಹಗಲುವೇಷ’ ಎನ್ನುತ್ತಿದ್ದರು. ಅವರಿಗೆ ಗೊತ್ತಿರಲೇಬೇಕಲ್ಲ, ವೇಷ ಹಾಕುತ್ತಿದ್ದದ್ದು ಅವರ ಮಗನೇ. ವಾರವೆಲ್ಲ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಲೇತ್ ಮಷೀನು, ಶನಿವಾರ ಸಂಜೆ ವೈಟ್‌ಫೀಲ್ಡಿನ ಒಂದು ಬ್ಯಾಂಡಿನಲ್ಲಿ ಗಿಟಾರು. ಹೆಣ್ಣು ನೋಡಲು ಬಂದಾಗ ನಮ್ಮ ತಂದೆಗೆ ಮೊದಲನೆಯದನ್ನು ಮಾತ್ರ ಹೇಳಿದ್ದರು.

ಈಚೆಗೆ ಅವರಿಗೆ ಲಕ್ವ ಹೊಡೆದು ಎಡಗೈ ಬೆರಳುಗಳು ಸೋತವು. ದಿನವೂ ಹಿಸುಕಿ ಎಂದು ಫಿಸಿಯೋಥೆರಪಿಯ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟಳು. ಇವರು ಅದನ್ನು ಬೀದಿನಾಯಿಗೆ ಕೊಟ್ಟರು. ಗಿಟಾರಾದರೂ ಹಿಡಿಯಿರಿ ಎಂದರೆ, "ಮೊದಲಿನ ಹಾಗೆ ಬಾರಿಸೋಕಾಗಲ್ಲ ಕಣೇ. ಅರ್ಧಂಬರ್ಧ ಬಾರಿಸಿ ಯಾರನ್ನ ಉದ್ಧಾರ ಮಾಡ್ಲಿ?" ಎಂದು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು.

ಆ ಗಿಟಾರನ್ನು ಮತ್ತೆ ಅವರ ಕೈಗೆ ಕೊಡಬೇಕೆಂಬುದು ನನ್ನ ಹಟವಾಯಿತು. ನಾನು ಆ ಕಾಲದಲ್ಲೇ ಬಿ.ಎಸ್ಸಿ. ಪ್ರಥಮ ದರ್ಜೆ. ಪ್ರಯೋಗ ಮಾಡದೆ ಕೈಚೆಲ್ಲುವವಳಲ್ಲ. ಹಳೆಯ ಬ್ಯಾಂಡುಗಳಲ್ಲಿ ಈಗ ಮೊದಲಿನ ಹಾಗೆ ಏನೂ ಉಳಿದಿಲ್ಲ, ತೀರಿಕೊಂಡವರು, ಜಗಳವಾಡಿ ಬಿಟ್ಟವರು, ಮಂಡಿ ಕೈಕೊಟ್ಟವರು, ಇವರೆಲ್ಲರ ಜಾಗದಲ್ಲಿ ಬದಲಿಯವರನ್ನು ನಿಲ್ಲಿಸಿಕೊಂಡು ಆರಾಮಾಗಿ ನಡೆಸುತ್ತಿದ್ದಾರೆ ಎಂದು ಓದಿದ್ದೆ. ಅದನ್ನು ಇವರು ಕಣ್ಣಾರೆ ನೋಡಲಿ ಎಂದುಕೊಂಡೆ.

ಹಾಜರಿ

ಮೊದಲು ಹೋದದ್ದು ವೈಟ್‌ಫೀಲ್ಡ್ ಬಳಿಯ ಮೈದಾನವೊಂದಕ್ಕೆ. ಇಂಗ್ಲೆಂಡಿನ ಹಳೆಯ ಬ್ಯಾಂಡು ಬಂದಿತ್ತು. ಅವರ ಎಲ್‌ಪಿ ರೆಕಾರ್ಡು ನಮ್ಮಲ್ಲಿದೆ. ನಮ್ಮ ಮನೆಯಲ್ಲಿ ಏನೂ ಕಳೆಯುವುದಿಲ್ಲ. ಗ್ಯಾಸ್ ಸಂಪರ್ಕದ ಮೊದಲ ರಸೀದಿಯಿಂದ ಮೊಮ್ಮಗಳ ಲಸಿಕೆ ಚೀಟಿಯವರೆಗೆ ಎಲ್ಲಕ್ಕೂ ನಾನು ಫೈಲು ಇಟ್ಟಿದ್ದೇನೆ. ರೆಕಾರ್ಡಿನ ರಟ್ಟಿನ ಮೇಲೆ ಐದು ಜನರ ಫೋಟೋ ಇತ್ತು. ಮೂಲದವರು ಯಾರು ಉಳಿದಿದ್ದಾರೆ ಎಂದು ತಾಳೆ ನೋಡಲು ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಗೇಟಿನ ಸೆಕ್ಯೂರಿಟಿಯವರು ಇದೇನು ಮೇಡಂ ಎಂದರು. ಹಾಜರಿ ತೆಗೆದುಕೊಳ್ಳಬೇಕು ಎಂದೆ. ಪಾಪ, ಸಂಘಟಕರ ಕಡೆಯವಳೆಂದು ತಿಳಿದು ನಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು.

ಒಬ್ಬೊಬ್ಬರಾಗಿ ವೇದಿಕೆಗೆ ಬಂದರು. ಹಾಡುವವನು ಹೊಸಬ. ಗಿಟಾರಿನ ಇಬ್ಬರೂ ಹೊಸಬರು. ಕೀಬೋರ್ಡಿನವನಂತೂ ಆ ರೆಕಾರ್ಡು ಬಂದಾಗ ಹುಟ್ಟಿಯೂ ಇರಲಿಕ್ಕಿಲ್ಲ. ಯಜಮಾನರು ಮುಖ ಗಂಟಿಕ್ಕಿಕೊಂಡು, "ಇದಕ್ಕೇನಾ ಇಷ್ಟು ದೂರ ಕರ್ಕೊಂಡು ಬಂದಿದ್ದು? ಎಲ್ಲಾ ಡೂಪ್ಲಿಕೇಟು" ಎಂದರು. ಆದರೆ ಡ್ರಮ್ಮಿನ ಹಿಂದೆ ಕುಳಿತವನ ಹೆಗಲವರೆಗಿನ ಬೆಳ್ಳಿಗೂದಲು ಫೋಟೋದಲ್ಲಿ ಇದ್ದಂತೆಯೇ ಇತ್ತು. ನೋಡಿ, ಒಬ್ಬರಾದರೂ ಅಸಲಿ ಇದ್ದಾರೆ ಎಂದು ತೋರಿಸಿದೆ. ಅವರಿಗೂ ಹೌದೆನ್ನಿಸಿತು. ಸಂಜೆಯೆಲ್ಲ ನಾವಿಬ್ಬರೂ ಡ್ರಮ್ಮಿನವನಿಗೆ ಮಾತ್ರ ಗೌರವ ಸಲ್ಲಿಸಿದೆವು.

ಎಲ್ಲ ಮುಗಿದ ಮೇಲೆ ಆತ ಬೇಲಿಯ ಹತ್ತಿರ ಬಂದು, ಸೆಕೆ ತಾಳಲಾರದೆ ಆ ಕೂದಲನ್ನು ಟೋಪಿಯಂತೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಒಳಗಿದ್ದದ್ದು ಮೂವತ್ತರ ಆಸುಪಾಸಿನ ಬೋಳುತಲೆ. ನಾನು ರಟ್ಟು ಹಿಡಿದು ಪೆಚ್ಚಾಗಿ ನಿಂತದ್ದನ್ನು ನೋಡಿ ಸಂಘಟಕರ ಹುಡುಗಿಯೊಬ್ಬಳು ಸಮಾಧಾನ ಹೇಳಿದಳು.

"ಬೇಜಾರ್ ಮಾಡ್ಕೋಬೇಡಿ ಆಂಟಿ. ಆ ಕೂದಲು ಮಾತ್ರ ಮೊದಲಿಂದಲೂ ಬ್ಯಾಂಡಲ್ಲೇ ಇದೆ."

ರಾಕ್ಷಸನ ಪಾತ್ರ

ಎರಡನೆಯ ಸಲ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದವರು ಹೆಬ್ಬಗೋಡಿಯ ನಮ್ಮ ಮನೆಯ ಮಹಡಿಯ ಬಾಡಿಗೆದಾರರು. ವಿಜಯಪುರದ ಕಡೆಯವರು, ಕಂಪನಿ ಕ್ಯಾಬ್ ಓಡಿಸುತ್ತಾರೆ. ಒಂದು ಟಿಕೆಟ್ ಹೆಚ್ಚಿತ್ತು, ಒಳಗೆ ಬನ್ನಿ ಎಂದೆ.

ವೇದಿಕೆಯ ಮೇಲೆ ಎಲ್ಲರೂ ಮುಖಕ್ಕೆ ಬಣ್ಣ ಬಳಿದು, ಭುಜಕ್ಕೆ ಗರಿ ಸಿಕ್ಕಿಸಿಕೊಂಡು ಕುಣಿಯುತ್ತಿದ್ದರು. ತಮ್ಮೂರ ದೊಡ್ಡಾಟ ನೋಡಿ ಬೆಳೆದ ಮನುಷ್ಯ, ಬಹಳ ಹೊತ್ತು ಗಂಭೀರವಾಗಿ ನೋಡಿ ನನ್ನ ಕಡೆ ಬಾಗಿದರು. "ಅಮ್ಮಾರ, ಎಲ್ಲಾರೂ ರಾಜನ ವೇಷದಾಗ ಅದಾರ. ಇದರಾಗ ರಾಕ್ಷಸ ಯಾಂವ್ರೀ?"

ಇದರಲ್ಲಿ ರಾಕ್ಷಸ ಇಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ, ರಾಕ್ಷಸನಿಲ್ಲದೆ ಇಷ್ಟು ಗದ್ದಲ ಯಾಕೆ ಎಂದು ಕೇಳಿದರು. ಕೊನೆಗೆ ನನಗೆ ತಿಳಿದಷ್ಟು ಕಥೆ ಹೇಳಿದೆ. ಈ ಬ್ಯಾಂಡಿನ ಮೊದಲ ಹಾಡುಗಾರನಿಗೂ ಮೊದಲ ಗಿಟಾರಿನವನಿಗೂ ಜಗಳವಾಯಿತು. ಹಾಡುಗಾರ ಬೇರೆ ಜನ ಕಟ್ಟಿಕೊಂಡು ಅದೇ ಹೆಸರಿನಲ್ಲಿ ಇನ್ನೊಂದು ಬ್ಯಾಂಡು ನಡೆಸುತ್ತಾನೆ. ಹಾಗಾಗಿ ಇಲ್ಲಿ ಹಾಡುತ್ತಿರುವವನು ಬದಲಿ, ಅಲ್ಲಿ ಬಾರಿಸುವವನು ಬದಲಿ. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ಎದುರುಬದುರು ಮಿಠಾಯಿ ಅಂಗಡಿ ಹಾಕಿ, ಇಬ್ಬರೂ ‘ನಮ್ಮದೇ ಹಳೆಯದು’ ಎಂದು ಬೋರ್ಡು ಬರೆಸುವುದಿಲ್ಲವೇ, ಹಾಗೆ.

ಅವರ ಮುಖ ಬೆಳಗಿತು. "ಈಗ ತಿಳೀತ್ರಿ. ರಾಕ್ಷಸ ಆ ಇನ್ನೊಂದು ಬ್ಯಾಂಡಿನ್ಯಾಗ ಉಳದಾನ."

ಯಜಮಾನರು ನಕ್ಕರು. ಕಾಯಿಲೆಯಾದ ಮೇಲೆ ಅದೇ ಮೊದಲ ನಗು. ಬಾಯಿ ಸ್ವಲ್ಪ ಸೊಟ್ಟಗಾಯಿತು, ಆದರೆ ನಗು ನೆಟ್ಟಗಿತ್ತು.

ಚಕ್ಕುಲಿ ಪೊಟ್ಟಣ

ಮೂರನೆಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಒಂದು ಕಂಪನಿಯ ಹುಲ್ಲುಹಾಸಿನ ಮೇಲೆ. ಬ್ಯಾಂಡಿನ ಮೊದಲ ಹಾಡುಗಾರ ನಿವೃತ್ತಿಯಾಗಿದ್ದ. ಅವನ ಜಾಗಕ್ಕೆ ಬಂದ ಸಣಕಲ ಅವನ ಹಾಡುಗಳನ್ನೂ ಅವನ ಬೂಟುಗಳನ್ನೂ ಒಟ್ಟಿಗೇ ವಹಿಸಿಕೊಂಡಿದ್ದ. ಹಾಡು ಸರಿಹೊಂದಿತ್ತು. ಬೂಟು ದೊಡ್ಡದಾಗಿತ್ತು.

ಹಾಡಿನ ಅಬ್ಬರದಲ್ಲಿ ಗಾಳಿಗೆ ಒದ್ದನಲ್ಲ, ಹೊಳೆಯುವ ಬೂಟೊಂದು ಹಾರಿ ಬಂದು ನಮ್ಮ ಯಜಮಾನರ ತೊಡೆಯ ಮೇಲೆ ಕುಳಿತಿತು. ಆತ ಒಂಟಿಕಾಲಲ್ಲಿ ಕುಪ್ಪಳಿಸುತ್ತಲೇ ಹಾಡು ಮುಂದುವರಿಸಿದ. ಇದು ಹೊಸ ಸ್ಟೆಪ್ಪು ಎಂದುಕೊಂಡು ಮುಂದಿನ ಸಾಲಿನ ಸಾಫ್ಟ್‌ವೇರ್ ಮಕ್ಕಳೆಲ್ಲ ಒಂಟಿಕಾಲಲ್ಲಿ ಕುಪ್ಪಳಿಸತೊಡಗಿದರು.

ಯಜಮಾನರು ಬೂಟಿನೊಳಗೆ ಇಣುಕಿ ನೋಡಿದರು. "ಪೇಪರ್ ತುಂಬಬೇಕಿತ್ತು. ನಾವು ಹಾಗೇ ಮಾಡ್ತಿದ್ವಿ" ಎಂದರು. ತಮ್ಮ ಬ್ಯಾಂಡಿನ ಮಾತನ್ನು ಅವರು ತಾವಾಗಿ ಎತ್ತಿದ್ದು ಎಷ್ಟೋ ಕಾಲಕ್ಕೆ. ನನ್ನ ಚೀಲದಲ್ಲಿ ಚಕ್ಕುಲಿ ಕಟ್ಟಿದ್ದ ಪೇಪರಿತ್ತು. ಅದನ್ನೇ ಕೊಟ್ಟೆ. ಬಲಗೈಯಲ್ಲಿ ಬೂಟು ಹಿಡಿದು, ಎಡಗೈ ಬೆರಳುಗಳಿಂದ ಪೇಪರನ್ನು ಒತ್ತಿ ಒತ್ತಿ ತುದಿಯವರೆಗೆ ತುಂಬಿದರು. ರಬ್ಬರ್ ಚೆಂಡು ಹಿಸುಕಲೊಲ್ಲದ ಅದೇ ಬೆರಳುಗಳು. ನಾನು ನೋಡಿಯೂ ನೋಡದ ಹಾಗೆ ಕುಳಿತಿದ್ದೆ. ಹೇಳಿಬಿಟ್ಟರೆ ನಿಲ್ಲಿಸಿಬಿಡುವ ಜಾಯಮಾನ ಅವರದು.

ಬೂಟು ವೇದಿಕೆಗೆ ಹೋಯಿತು, ಕಾಲಿಗೆ ಏರಿತು. ಆತ ಖುಷಿಯಿಂದ ಮತ್ತೆ ಜೋರಾಗಿ ಒದ್ದ. ಬೂಟು ಅಲುಗಲಿಲ್ಲ. ಪೇಪರಿಗೆ ಅಂಟಿದ್ದ ಚಕ್ಕುಲಿ ಪುಡಿ ಮಾತ್ರ ದೀಪದ ಬೆಳಕಿನಲ್ಲಿ ಮಿರುಗುತ್ತ ಮುಂದಿನ ಸಾಲಿನ ಮೇಲೆ ಉದುರಿತು. ಚಿನ್ನದ ಪುಡಿ ಎಂದು ಎಲ್ಲರೂ ಫೋನೆತ್ತಿ ವಿಡಿಯೋ ಮಾಡಿಕೊಂಡರು.

ಮುಂದಿನ ಶನಿವಾರ

ಕೊನೆಯದು ಇವರದೇ ಹಳೆಯ ಬ್ಯಾಂಡು. ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಶನಿವಾರ ಸಂಜೆ ಬಾರಿಸುತ್ತಾರೆ ಎಂದು ತಿಳಿಯಿತು. ಮೂಲದವರಲ್ಲಿ ಉಳಿದಿದ್ದದ್ದು ಹಾಡುಗಾರ ಒಬ್ಬರೇ, ಅಲ್ಲಿನ ಹಳೆಯ ಆಂಗ್ಲೋ ಇಂಡಿಯನ್ ಮನೆತನದವರು. ಯಜಮಾನರು ಅಲ್ಲಿಗೆ ಮಾತ್ರ ಬರುವುದಿಲ್ಲ ಎಂದುಬಿಟ್ಟರು.

ಕಾರಣವನ್ನು ಆಗ ಬಿಡಿಸಿ ಹೇಳಿದರು. ಒಂದು ಶನಿವಾರ ಇವರಿಗೆ ಶಿಫ್ಟು ಇತ್ತು. ಮುಂದಿನ ಶಿಫ್ಟಿನ ರಿಲೀವರ್ ಬಂದು ಮಷೀನು ವಹಿಸಿಕೊಳ್ಳದೆ ಜಾಗ ಬಿಡುವಂತಿಲ್ಲ, ಅದು ಕಾರ್ಖಾನೆಯ ಕಟ್ಟುನಿಟ್ಟು. ಅವತ್ತು ರಿಲೀವರ್ ಬರಲಿಲ್ಲ. ಬ್ಯಾಂಡಿನ ಸಾಮಾನು ಹೊರುತ್ತಿದ್ದ ಕಾಲೇಜು ಹುಡುಗನಿಗೆ ಫೋನು ಮಾಡಿ, ಇದೊಂದು ದಿನ ನನ್ನ ಜಾಗದಲ್ಲಿ ನಿಂತುಕೋ, ಮುಂದಿನ ಶನಿವಾರ ಬರುತ್ತೇನೆ ಎಂದರಂತೆ. ಮುಂದಿನ ಶನಿವಾರ ಓವರ್‌ಟೈಮ್. ಅದರ ಮುಂದಿನದಕ್ಕೆ ನಮ್ಮ ಮಗನ ನಾಮಕರಣ. ಆಮೇಲೆ ಸೂಪರ್‌ವೈಸರ್ ಆದರು. "ಯಾವ ಮುಖ ಇಟ್ಕೊಂಡು ಅವನ ಎದುರು ಹೋಗ್ಲಿ?"

ನಾನು ಬಲವಂತ ಮಾಡಲಿಲ್ಲ. ಗಿಟಾರನ್ನು ಮಹಡಿಯವರ ಕಾರಿನ ಡಿಕ್ಕಿಯಲ್ಲಿಟ್ಟು, ಸರಿ, ನಾನೊಬ್ಬಳೇ ಹೋಗಿ ಎಲ್ಲರನ್ನೂ ಮಾತಾಡಿಸಿಕೊಂಡು ಬರುತ್ತೇನೆ ಎಂದೆ. ನಾನೊಬ್ಬಳೇ ಹೋದರೆ ಏನೇನು ಮಾತಾಡುತ್ತೇನೋ ಎಂಬ ಹೆದರಿಕೆಗೆ ಅವರೂ ಹತ್ತಿ ಕುಳಿತರು.

ಹಾಡುಗಾರರು ಅದೇ ಹಳೆಯ ಮಿಂಚಿನ ಕೋಟು ಹಾಕಿದ್ದರು, ಗುಂಡಿಗಳು ಮಾತ್ರ ಸೇರುತ್ತಿರಲಿಲ್ಲ. ಆ ಕಾಲೇಜು ಹುಡುಗನ ತಲೆ ಪೂರ್ತಿ ಬೆಳ್ಳಗಾಗಿತ್ತು, ಮಂಡಿಗೆ ಪಟ್ಟಿ ಕಟ್ಟಿಕೊಂಡು ನಿಂತು ಬಾರಿಸುತ್ತಿದ್ದರು. ವಿರಾಮದಲ್ಲಿ ವೇದಿಕೆಯ ಪಕ್ಕ ಇಬ್ಬರೂ ಎದುರಾದರು. ಯಜಮಾನರು ನೆಲ ನೋಡುತ್ತ ನಿಂತರು. ಬದಲಿಯವರೇ ಕುಂಟುತ್ತ ಹತ್ತಿರ ಬಂದರು.

"ಅಣ್ಣಾ, ರಿಲೀವರ್ ಬರದೆ ಮಷೀನ್ ಬಿಡಬಾರದು ಅಂತ ನೀವೇ ಹೇಳಿದ್ರಿ. ಅವತ್ತಿಂದ ನಾನು ಓವರ್‌ಟೈಮಲ್ಲೇ ಇದ್ದೀನಿ. ಮಂಡಿ ನೋಯ್ತಿದೆ. ಒಂದು ಹಾಡು ಹಿಡ್ಕೊಳ್ಳಿ, ಟೀ ಕುಡ್ಕೊಂಡು ಬರ್ತೀನಿ."

"ಕೈ ಸರಿಯಿಲ್ಲ ಕಣೋ" ಎಂದರು ಇವರು. "ಮೂರೇ ಬೆರಳು ಮಾತು ಕೇಳೋದು."

ಹಿಂದಿನಿಂದ ಹಾಡುಗಾರರು, "ಆಗಲೂ ನೀನು ಬಾರಿಸ್ತಿದ್ದಿದ್ದು ಮೂರೇ ಬೆರಳಲ್ಲಿ, ಮ್ಯಾನ್. ನಾವು ಹೇಳಿರ್ಲಿಲ್ಲ ಅಷ್ಟೆ" ಎಂದರು.

ನಾನು ಡಿಕ್ಕಿಯಿಂದ ಗಿಟಾರು ತರಿಸಿದೆ. ಚೀಲದಲ್ಲಿ ಮೊಮ್ಮಗಳ ಕಾಡಿಗೆ ಡಬ್ಬಿ ಇತ್ತು. ನನ್ನ ಕೈಯಾರೆ ಅವರ ಕಣ್ಣಿಗೆ ತೀಡಿದೆ. ಅತ್ತೆ ಇದ್ದಿದ್ದರೆ ಸೊಸೆಯೂ ವೇಷದವರ ಜೊತೆ ಸೇರಿದಳು ಎನ್ನುತ್ತಿದ್ದರು.

ಬಾರಿಸಿದರು. ಎರಡು ಕಡೆ ಬೆರಳು ತಲುಪಲಿಲ್ಲ, ಅಲ್ಲೆಲ್ಲ ಹಾಡುಗಾರರು ಜೋರಾಗಿ ಹಾಡಿ ಮುಚ್ಚಿದರು. ಮೂರನೆಯ ಕಡೆ ಬೆರಳು ತಲುಪಿತು. ಹಾಡುಗಾರರು ಅಭ್ಯಾಸಬಲದಿಂದ ಅಲ್ಲಿಯೂ ಮುಚ್ಚಿದರು. ಬದಲಿಯವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಚಾಚಿ ಟೀ ಕುಡಿಯುತ್ತಿದ್ದರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಶಿಫ್ಟು ಮುಗಿದ ಬೊಮ್ಮಸಂದ್ರದ ಗೇಟಿನಲ್ಲಿ ಮಾತ್ರ ನೋಡಿದ್ದೇನೆ.

ಕೆಳಗಿಳಿದಾಗ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ಬಂದು ಯಜಮಾನರ ಕೈ ಕುಲುಕಿದರು. ತಾವು ಈ ಬ್ಯಾಂಡನ್ನು ಬಹಳ ವರ್ಷಗಳಿಂದ ಕೇಳುತ್ತ ಬಂದವರು ಎಂದು ಹೇಳಿಕೊಂಡರು. ಆಮೇಲೆ ದನಿ ತಗ್ಗಿಸಿ, "ಬದಲಿಗೆ ಬಂದವರಾಗಿ ಪರವಾಗಿಲ್ಲ ಸಾರ್, ಚೆನ್ನಾಗೇ ಬಾರಿಸಿದ್ರಿ. ಆದ್ರೆ ಒರಿಜಿನಲ್ ಅಂದ್ರೆ ಒರಿಜಿನಲ್ಲೇ" ಎಂದು ಟೀ ಕುಡಿಯುತ್ತಿದ್ದವರ ಕಡೆ ಕೈ ತೋರಿಸಿದರು.

ಬ್ಯಾಂಡಿನ ಮೊದಲ ಫೋಟೋ ನನ್ನ ಚೀಲದಲ್ಲೇ ಇತ್ತು. ಸಾಕ್ಷಿ ತೆಗೆಯಲು ಕೈ ಹಾಕಿದೆ. ಯಜಮಾನರು ನನ್ನ ಮಣಿಕಟ್ಟು ಹಿಡಿದರು. ಎಡಗೈಯಲ್ಲಿ, ನೋಯುವಷ್ಟು ಗಟ್ಟಿಯಾಗಿ.

"ನಿಜ ಸಾರ್" ಎಂದರು ಅವರಿಗೆ. "ಪ್ರಾಕ್ಟೀಸ್ ಮಾಡ್ತೀನಿ. ಮುಂದಿನ ಶನಿವಾರ ಮತ್ತೆ ಬರ್ತೀನಿ."

ಕುರ್ಚಿಯಲ್ಲಿದ್ದ ಬದಲಿಯವರು ಟೀ ಲೋಟ ಕೆಳಗಿಟ್ಟರು. "ಅಕ್ಕಾ, ಈ ಸಲ ಇವರ ಹತ್ರ ಬರೆಸ್ಕೊಂಡುಬಿಡಿ."

ಚೀಲದಲ್ಲಿದ್ದ ಹಳೆಯ ಟಿಕೆಟಿನ ಹಿಂದೆ ನಾನೇ ಬರೆದೆ. ಸಹಿಯನ್ನು ನಂಬಲಿಲ್ಲ. ಕಾಡಿಗೆ ಡಬ್ಬಿ ತೆರೆದು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡೆ.