ಅಳಿಸಿದವರು ಯಾರು?

ಎಳ್ಳಮಾವಾಸ್ಯೆಯ ಬೆಳಿಗ್ಗೆ ಮಲ್ಲೇಶ್ವರಿಯ ಎರಡೂ ಕೈಗೆ ಹೋಳಿಗೆಯ ಕಣಕ ಮೆತ್ತಿತ್ತು. ಮೆತ್ತದೆ ಉಳಿದದ್ದು ಬಲಗೈಯ ಕಿರುಬೆರಳು ಮಾತ್ರ. ಆ ಕಿರುಬೆರಳಿನಿಂದ ಆಕೆ ಫೋನು ಒತ್ತಿದಳು. ಮುಂದಿನದೆಲ್ಲ ಅದರಿಂದಲೇ ಆದದ್ದು.

ಶಹಾಪುರದ ನಾಲ್ಕಾರು ಹೆಂಗಸರು ಕಟ್ಟಿಕೊಂಡ ಓದುವ ಬಳಗ ಪ್ರತಿ ಚಳಿಗಾಲಕ್ಕೆ ಒಂದು ಕಾದಂಬರಿ ಆರಿಸುತ್ತಿತ್ತು. ಅದು ಹಬ್ಬದ ಕತೆಯಾಗಿರಬೇಕು, ಇಲ್ಲವೇ ಪತ್ತೇದಾರಿ. ಎರಡೂ ಒಂದರಲ್ಲೇ ಸಿಕ್ಕರೆ ಪುಣ್ಯ. ಕೊಲೆಯ ಕತೆಯನ್ನು ಕಂಬಳಿ ಹೊದ್ದೇ ಓದಬೇಕು, ನಮ್ಮೂರ ಬೇಸಿಗೆಯಲ್ಲಿ ಓದಿದರೆ ಕೊಂದವರ ಸಿಟ್ಟು ಸರಿಯೆಂದೇ ಅನ್ನಿಸುತ್ತದೆ ಎಂಬುದು ಬಳಗದ ಅಭಿಪ್ರಾಯ. ಈ ಸಲದ ಪುಸ್ತಕ ‘ಹಬ್ಬದ ಮನೆಯ ಹೆಣ’. ಇದ್ದ ಒಂದೇ ಪ್ರತಿ ಕೈಯಿಂದ ಕೈಗೆ ದಾಟಿ, ಕೊನೆಗೆ ಜಹೀರುನ್ನೀಸಾ ಅವರನ್ನು ಮುಟ್ಟಿತ್ತು. ಉರ್ದು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರನ್ನು ಊರೆಲ್ಲ ಅಕ್ಕನೆಂಬ ಅರ್ಥದಲ್ಲಿ ಆಪಾ ಎಂದೇ ಕರೆಯುತ್ತಿತ್ತು.

ಎಳ್ಳಮಾವಾಸ್ಯೆಯ ದಿನ ಸಗರ ಗ್ರಾಮದಲ್ಲಿ ಬಳಗದ ದೇವಕ್ಕನ ಹೊಲಕ್ಕೆ ಹೋಗಿ, ಊಟ ಮಾಡುತ್ತ ಪುಸ್ತಕದ ಮಾತಾಡುವುದೆಂದು ನಿಶ್ಚಯವಾಗಿತ್ತು. ಆಪಾ ಓದಿ ಮುಗಿಸುವವರೆಗೆ ಕೊಂದವರ ಹೆಸರನ್ನು ಯಾರೂ ಆಡಬಾರದು. ಆಡಿದವರನ್ನು ಬಳಗದಿಂದ ಕೈಬಿಡುವುದು. ಮಲ್ಲೇಶ್ವರಿ ಹೋದ ವರ್ಷವೇ ಅರ್ಧ ಹೆಸರು ಉದುರಿಸಿ ಒಂದು ಸಲ ಕ್ಷಮೆ ಪಡೆದವಳು. ಎರಡನೆಯ ಸಲಕ್ಕೆ ಕ್ಷಮೆ ಇರಲಿಲ್ಲ.

ಆಕೆಗೆ ಬಳಗ ಬಿಟ್ಟರೆ ಬೇರೆ ಗತಿಯೂ ಇರಲಿಲ್ಲ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಆಕೆಗೆ ಅನ್ನ ಅರಗುತ್ತಿರಲಿಲ್ಲ. ಗಂಡ ಮಹೇಶಕುಮಾರ ಎರಡು ಮಾತಿಗೆ ಹ್ಞೂಂ ಅಂದು, ಮೂರನೆಯದಕ್ಕೆ ಟಿವಿಯ ಸದ್ದು ಏರಿಸುತ್ತಿದ್ದ. ಹಾಗಾಗಿ ಆಕೆ ಫೋನಿನಲ್ಲಿ ಮಾತಾಡಿ ಬಳಗದವರಿಗೆ ಒಬ್ಬೊಬ್ಬರಿಗೇ ಕಳಿಸುತ್ತಿದ್ದಳು. ಉದ್ದುದ್ದ ಕಳಿಸುತ್ತಿದ್ದಳು. ಅವುಗಳ ಭಾರಕ್ಕೆ ಫೋನು ತುಂಬಿ ನಿಂತುಹೋಗುವುದರಿಂದ ಭಾನುವಾರಕ್ಕೊಮ್ಮೆ ಅಂಗಳ ಗುಡಿಸಿದಂತೆ ಎಲ್ಲ ಅಳಿಸಿಬಿಡುತ್ತಿದ್ದಳು.

ಅಂದು ಬೆಳಿಗ್ಗೆ ಕಣಕ ನಾದುತ್ತ ಆಕೆ ಮಾತಾಡಿದ್ದು ಬ್ಯಾಂಕಿನ ಶಾಂಭವಿಗೆಂದು. ಶಾಂಭವಿ ಪುಸ್ತಕ ಮುಗಿಸಿದವಳು, ಅವಳಿಗೆ ಹೇಳಿದರೆ ದೋಷವಿಲ್ಲ. “ಹೋಳಗ್ಯಾಗ ವಿಷ ಹಾಕಿದಾಕಿ ಆ ಸಣ್ಣತ್ತಿ ಅಂತ ನನಗ ಮೊದಲಽ ಅನಿಸಿತ್ತು ನೋಡ. ಭಾಳ ನಗ್ತಿದ್ಲು. ಎಲ್ಲಾರಿಗೂ ತಾನಽ ನೀಡ್ತಿದ್ಲು...” ಹೀಗೆ ಶುರುವಾದದ್ದು ಹೂರಣ ಆರುವವರೆಗೂ ನಡೆಯಿತು. ಕಿರುಬೆರಳಿನಿಂದ ಕಳಿಸಿದ ಮೇಲೆ ಪರದೆಯ ತುದಿಯಲ್ಲಿದ್ದ ಹೆಸರು ನೋಡಿದಳು. ಆಪಾ.

ಹಿತ್ತಲ ಗೋಡೆಯಾಚೆಯಿಂದ ಪಾರ್ವತಿಬಾಯಿ ಇಣುಕಿದಳು. ಓದುವ ಚಟವಿಲ್ಲದಿದ್ದರೂ ಬಳಗದ ಊಟ ತಪ್ಪಿಸದ ಹೆಂಗಸು.

“ಯಾಕವಾ, ಹೋಳಗಿ ಸೀದ್ವೇನು? ಮಾರಿ ಹಂಗ್ಯಾಕ್ ಮಾಡೀದಿ?”

ಮಲ್ಲೇಶ್ವರಿ ಅಳುದನಿಯಲ್ಲಿ ಎಲ್ಲ ಹೇಳಿದಳು. ಹೇಳುವಾಗ ಸಣ್ಣತ್ತೆಯ ಹೆಸರೂ ಬಂತು. ಪಾರ್ವತಿಬಾಯಿ ತನ್ನ ಮೊಮ್ಮಗಳು ಇದನ್ನೆಲ್ಲ ಕಲಿಸಿದ್ದಾಳೆಂದು ಫೋನು ಕಸಿದುಕೊಂಡು ಎರಡು ಸಲ ಒತ್ತಿ, ಚೇಳು ಹೊಡೆದವಳ ಹೆಮ್ಮೆಯಿಂದ ಮರಳಿ ಕೊಟ್ಟಳು. “ಹೋತು ನೋಡು.”

ಹೋಗಿತ್ತು, ಮಲ್ಲೇಶ್ವರಿಯ ಫೋನಿನಿಂದ ಮಾತ್ರ. ‘ಎಲ್ಲರಿಗೂ ಅಳಿಸು’ ಎಂಬುದನ್ನು ಬಿಟ್ಟು ಪಾರ್ವತಿಬಾಯಿ ‘ನನಗೆ ಮಾತ್ರ ಅಳಿಸು’ ಎಂಬುದನ್ನು ಒತ್ತಿದ್ದಳು. ಆಪಾ ಅವರ ಫೋನಿನಲ್ಲಿ ಸಣ್ಣತ್ತೆ ಸುಖವಾಗಿ ಕೂತಿದ್ದಳು. ಇನ್ನು ಆಕೆಯನ್ನು ಇಲ್ಲಿಂದ ಎಬ್ಬಿಸುವಂತಿರಲಿಲ್ಲ.

ಮಲ್ಲೇಶ್ವರಿ ಗಡಿಬಿಡಿಯಲ್ಲಿ ಹೋಳಿಗೆ ಬೇಯಿಸಿ, ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಆಪಾ ಅವರ ಮನೆಗೆ ಓಡಿದಳು. ದಾರಿಯಲ್ಲಿ ಸುಳ್ಳು ಕಟ್ಟಿಕೊಂಡಳು. ಅದು ಬೇಕಾಗಲಿಲ್ಲ. ಬಾಗಿಲು ತೆಗೆದ ರಾಜಾಸಾಬ, ಆಪಾ ಅವರ ಗಂಡ, ಆಕೆ ಆಗಲೇ ದೇವಕ್ಕನ ಜೊತೆ ಹೊಲಕ್ಕೆ ಹೋದಳೆಂದೂ, ಚಾರ್ಜಿಗೆ ಹಾಕಿದ ಫೋನನ್ನು ಮರೆತು ಹೋಗಿದ್ದಾಳೆಂದೂ ಹೇಳಿದರು.

“ಛಲೋ ಆತು ನೀ ಬಂದದ್ದು, ಬೇಟಿ. ಫೋನ್ ತಗೊಂಡು ಹೋಗಿ ಕೊಡು. ಚಾ ಕುಡೀದೆ ಮಾತ್ರ ಹೋಗಂಗಿಲ್ಲ.”

ಅವರು ಚಹಾ ಇಡಲು ಒಳಗೆ ಹೋದರು. ಫೋನು ಕಿಟಕಿಯಲ್ಲಿತ್ತು. ಅದಕ್ಕೆ ಬೀಗದ ಗುರುತೂ ಇರಲಿಲ್ಲ. ದೇವರು ಹಬ್ಬದ ದಿನ ಕೈಬಿಡಲಿಲ್ಲ ಎಂದುಕೊಂಡು ಮಲ್ಲೇಶ್ವರಿ ತೆರೆದು ನೋಡಿದಳು. ಇಡೀ ಫೋನು ಉರ್ದುವಿನಲ್ಲಿತ್ತು.

ಆಕೆಗೆ ಉರ್ದುವಿನ ಒಂದಕ್ಷರ ಬರುತ್ತಿರಲಿಲ್ಲ. ಸಾಲದೆಂಬಂತೆ ಎಡಕ್ಕೆ ಇರಬೇಕಾದದ್ದೆಲ್ಲ ಬಲಕ್ಕಿತ್ತು. ಬೇರೆಯವರ ಅಡುಗೆಮನೆಯಲ್ಲಿ ಕತ್ತಲಲ್ಲಿ ಉಪ್ಪು ಹುಡುಕಿದ ಹಾಗಾಯಿತು. ತನ್ನ ಚಿತ್ರದ ಗುರುತಿನಿಂದ ತನ್ನ ಮಾತುಗಳಿದ್ದ ಜಾಗವನ್ನು ಹಿಡಿದಳು. ಬೆಳಗಿನದು ಇನ್ನೂ ಕೇಳದ್ದೇ ಇತ್ತು. ಒಳಗೆ ಕಪ್ಪು ಬಸಿಗಳ ಸದ್ದು ಕೇಳಿತು. ರಾಜಾಸಾಬರನ್ನೇ ಕೇಳೋಣವೆಂದರೆ, ಅವರಿಗೆ ಕಿವಿ ಮಂದ. ಮೊದಲು ಗಟ್ಟಿಯಾಗಿ ಹಚ್ಚಿ ಕೇಳುತ್ತಾರೆ. ಮೂಲೆಯ ಮೂರು ಚುಕ್ಕಿ ಒತ್ತಿದಳು. ಒಂದು ಸಾಲು ಒತ್ತಿದಳು. ಫೋನು ಏನೋ ಕೇಳಿತು. ಎರಡು ಉತ್ತರಗಳಲ್ಲಿ ಕೆಂಪಗಿದ್ದದ್ದನ್ನು ಒತ್ತಿದಳು. ಪರದೆ ಖಾಲಿಯಾಯಿತು. ಆಕೆಯ ಎದೆಯೂ ಹಗುರಾಯಿತು. ಚಹಾವನ್ನು ಅರ್ಧಕ್ಕೇ ಬಿಟ್ಟು, ರಾಜಾಸಾಬರ ಮುಖ ನೋಡದೆ, ಫೋನು ಎತ್ತಿಕೊಂಡು ಟಂಟಂ ಆಟೋ ಹಿಡಿದಳು.

ಹೊಲದಲ್ಲಿ ಬೇವಿನ ಮರದ ಕೆಳಗೆ ಜಮಖಾನೆ ಹಾಸಿತ್ತು. ದೇವಕ್ಕನ ಮನೆಯವರು ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಬಂದು ಭಜ್ಜಿ, ಕಡುಬು, ಅಂಬಲಿ ಬಡಿಸುತ್ತಿದ್ದರು. ಆಪಾ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡಿದ್ದರು. ಫೋನು ಕೈಗೆ ಬಂದಾಗ, ನೀನು ಬಂಗಾರ ಎಂದು ಮಲ್ಲೇಶ್ವರಿಯ ಗಲ್ಲ ಮುಟ್ಟಿದರು. ಮಾತು ಹಿತವಾಗಿ ಸಾಗಿತು. ಹಬ್ಬದ ಮನೆಯ ಅಡುಗೆಯ ವರ್ಣನೆ ಚೆನ್ನಾಗಿದೆ, ಪೊಲೀಸರು ಬಂದ ಮೇಲೆ ಸಪ್ಪೆ ಎಂದು ದೇವಕ್ಕ ಹೇಳಿದಳು. ಹೆಣ ಇಷ್ಟು ತಡವಾಗಿ ಬೀಳಬಾರದಿತ್ತು ಎಂದು ಶಾಂಭವಿ ಅಂದಳು.

ಬೇರೆ ಟಂಟಂನಲ್ಲಿ ಬಂದಿಳಿದ ಪಾರ್ವತಿಬಾಯಿ ನೇರ ಊಟಕ್ಕೆ ಕುಳಿತು, ಎಲೆಗೆ ಬಿದ್ದ ಹೋಳಿಗೆಯನ್ನು ತಿರುವಿ ನೋಡಿದಳು.

“ತಿನ್ನಬೌದಲ್ಲ ಮಲ್ಲೇಶ್ವರಿ? ಆ ಪುಸ್ತಕದಾಗಿನ ಸಣ್ಣತ್ತಿ ಹಂಗ ಏನರೆ ಹಾಕೀದೇನು?”

ಎಲ್ಲರೂ ಆಪಾ ಅವರನ್ನು ನೋಡಿದರು. ಮಲ್ಲೇಶ್ವರಿ ನೆಲ ನೋಡಿದಳು. ಆಪಾ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದರು.

“ಅದು ನನಗ ಮೊದಲನೇ ದಿನನೇ ಗೊತ್ತದ. ನಾ ಯಾವಾಗ್ಲೂ ಕೊನೀ ಪುಟ ಮೊದಲ ಓದ್ತೀನಿ. ಕೊಂದಾಕಿ ಯಾರಂತ ಗೊತ್ತಿಲ್ದ ಆಕಿ ಜೋಡಿ ಅಷ್ಟ್ ದಿನ ಹ್ಯಾಂಗ್ ಕೂಡ್ಲೆವ್ವ?”

ಎಲ್ಲರೂ ನಕ್ಕರು. ಮಲ್ಲೇಶ್ವರಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಪಾ ಕೈ ತೊಳೆದು ಫೋನು ತೆಗೆದುಕೊಳ್ಳುವವರೆಗೆ ಆ ನಗೆ ಉಳಿದಿತ್ತು.

“ಸಣ್ಣತ್ತಿಕಿಂತ ಛಲೋದು ಒಂದು ಕೇಳಸ್ತೀನಿ, ಇರ್ರಿ. ನನ್ನ ಕಣ್ಣಿನ ಆಪರೇಷನ್ ಆದಾಗ ಮಲ್ಲೇಶ್ವರಿ ಒಂದು ಇಡೀ ಕಾದಂಬರಿ ಹೇಳಿ ಕಳಿಸಿದ್ಲು. ಎರಡು ವರ್ಷದ್ದು ಎಲ್ಲಾ ಇಟ್ಕೊಂಡೀನಿ. ನಿದ್ದಿ ಬರಲಿಲ್ಲಂದ್ರ ಅದನ್ನೇ ಹಚ್ಚಿ ಕೇಳ್ತೀನಿ. ನೀವ್ಯಾರೂ ಪೂರಾ ಕೇಳಂಗಿಲ್ಲ, ನನಗ ಗೊತ್ತದ.”

ಶಾಂಭವಿ ತಾನು ಎರಡು ಪಟ್ಟು ವೇಗದಲ್ಲಿ ಕೇಳುತ್ತೇನೆಂದು ಒಪ್ಪಿಕೊಂಡಳು. ದೇವಕ್ಕ ಏನೂ ಒಪ್ಪಿಕೊಳ್ಳದೆ ಅಂಬಲಿ ಕುಡಿದಳು.

ಆಪಾ ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು. ಕನ್ನಡಕ ಒರೆಸಿ ಮತ್ತೆ ಸರಿಸಿದರು. “ಒಂದೂ ಇಲ್ಲಲ್ಲ,” ಎಂದರು, ಬಹಳ ಮೆಲ್ಲಗೆ.

ಇಷ್ಟು ವರ್ಷ ಪತ್ತೇದಾರಿ ಓದಿದ ಬಳಗ ಸುಮ್ಮನಿರುವುದುಂಟೆ? ಶಾಂಭವಿ ಜಮಖಾನೆಯ ನಡುವೆ ಬಂದು ಕುಳಿತಳು. ರಾತ್ರಿ ಆಪಾ ಕೇಳಿದಾಗ ಇದ್ದವು, ಈಗ ಇಲ್ಲ. ಬೆಳಿಗ್ಗೆಯಿಂದ ಫೋನು ಇದ್ದದ್ದು ಮನೆಯಲ್ಲಿ. ಅಳಿಸಿದವರಿಗೆ ಉರ್ದು ಬರಬೇಕು. ಮನೆಯಲ್ಲಿ ಇದ್ದವರು ಒಬ್ಬರೇ. ಆಕೆ ಹೆಸರು ಹೇಳುವ ಮೊದಲೇ ಮಲ್ಲೇಶ್ವರಿ ಎದ್ದು ನಿಂತಳು.

“ಅವರಲ್ರಿ. ನಾನು ಅಳಿಸೀನಿ, ಆಪಾ.”

ಯಾರೂ ನಂಬಲಿಲ್ಲ. ನಿನಗೆ ಉರ್ದುವಿನ ಮೊದಲಕ್ಷರ ಅಲಿಫ್ ಯಾವುದೆಂದು ಗೊತ್ತೇನು ಎಂದು ಶಾಂಭವಿ ಕೇಳಿದಳು. ಮಲ್ಲೇಶ್ವರಿಗೆ ಗೊತ್ತಿರಲಿಲ್ಲ. ತನ್ನ ಮಾತನ್ನು ತಾನೇ ಯಾರು ಅಳಿಸುತ್ತಾರೆ ಎಂದು ದೇವಕ್ಕ ಕೇಳಿದಳು. ಅದನ್ನು ಹೇಳಿದರೆ ಸಣ್ಣತ್ತೆಯ ಹೆಸರು ಕಳಿಸಿದ್ದೂ ಹೊರಬೀಳುತ್ತಿತ್ತು; ಮಲ್ಲೇಶ್ವರಿ ಹೋಳಿಗೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ಪಾಪ, ಮುದುಕನನ್ನು ಉಳಿಸಲು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ, ದೊಡ್ಡ ಮನಸ್ಸು ಎಂದು ಪಾರ್ವತಿಬಾಯಿ ತೀರ್ಪು ಕೊಟ್ಟು ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಆಪಾ ನೆರೆಮನೆಗೆ ಫೋನು ಮಾಡಿ ಗಂಡನನ್ನು ಕರೆಸಿದರು. ನನ್ನ ಫೋನಿನಲ್ಲಿ ಮಲ್ಲೇಶ್ವರಿಯ ಮಾತೆಲ್ಲ ಹೋಗಿದೆ, ನೀವು ಏನು ಒತ್ತಿದಿರಿ ಎಂದು ಗಟ್ಟಿಯಾಗಿ ಕೇಳಿದರು. ರಾಜಾಸಾಬ ಮಲ್ಲೇಶ್ವರಿಯ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

“ಹೌದು,” ಎಂದರು ರಾಜಾಸಾಬ. ಸದ್ದು ಇಡೀ ಜಮಖಾನೆಗೆ ಕೇಳಿಸಿತು. “ನನ್ನ ಕೈಲಿಂದನೇ ಆಗ್ಯಾದ. ಟೈಮ್ ನೋಡಾಕ ಹೋಗಿ ಏನೋ ಒತ್ತೀನಿ. ತಪ್ಪಾತು. ಮಲ್ಲೇಶ್ವರಿ ಬೇಟಿಗೆ ಹೇಳು, ಚಾ ಅರ್ಧಕ್ಕಽ ಬಿಟ್ಟು ಹೋಗ್ಯಾಳ, ಇನ್ನೊಮ್ಮೆ ಬಂದು ಕುಡದು ಹೋಗು ಅನ್ನು.”

ಅಪರಾಧಿ ಸಿಕ್ಕನೆಂದು ಬಳಗ ಸಮಾಧಾನದಿಂದ ಕಡುಬಿಗೆ ಮರಳಿತು. ಆಪಾ ಮಾತ್ರ ಫೋನನ್ನು ಮಲ್ಲೇಶ್ವರಿಯ ಬಾಯಿಯ ಹತ್ತಿರ ಹಿಡಿದರು.

“ಹೋದದ್ದು ಹೋತು. ನಿನ್ನ ಹತ್ರಂತೂ ಇರಂಗಿಲ್ಲ, ನೀ ವಾರವಾರ ಗುಡಿಸ್ತಿ. ಈಗ ಮೊದಲಿಂದ ಹೇಳವ್ವಾ. ನಾ ಇಟ್ಕೋತೀನಿ.”

ಹುಟ್ಟಿದಂದಿನಿಂದ ಮಾತಿಗೆ ಬರ ಕಾಣದ ಮಲ್ಲೇಶ್ವರಿ ಬಾಯಿ ತೆರೆದಳು. ಆಪಾ ಬಹಳ ಹೊತ್ತು ಗುಂಡಿ ಒತ್ತಿ ಹಿಡಿದೇ ಇದ್ದರು. ಆಮೇಲೆ ಹಚ್ಚಿ ಕೇಳಿದಾಗ ಅದರಲ್ಲಿ ಜೋಳದ ಗರಿ ಸರಿದಾಡುವ ಸದ್ದಿತ್ತು, ಒಂದು ಹಕ್ಕಿ ಇತ್ತು. ಕೊನೆಗೆ ಪಾರ್ವತಿಬಾಯಿ, ತುಪ್ಪ ಇತ್ತ ಸರಸ್ರಿ ಅನ್ನುತ್ತಿದ್ದಳು.

ಆಪಾ ಅದನ್ನೂ ಇಟ್ಟುಕೊಂಡರು.