ಎರಡನೆಯ ಡಬ್ಬಿಯ ಷರಾ

ಮಗಳ ಲಗ್ನಪತ್ರಿಕೆಯ ಕವರ್‌ಗಳ ಮೇಲೆ ಯಾರೂ ಕೈಯಲ್ಲಿ ವಿಳಾಸ ಬರೆಯಕೂಡದು ಎಂದು ನಾನು ಘೋಷಿಸಿದೆ. ಹೊಳೆನರಸೀಪುರದಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ನಿವೃತ್ತಿಯ ಮೇಲೆ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದೆ. ಕಲಿತದ್ದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ?

"ಪೆನ್ನಲ್ಲಿ ಬರೆದ್ರೆ ಸಂಜೆಯೊಳಗೆ ಮುಗಿಯುತ್ತೆ ಕಣ್ರೀ," ಎಂದಳು ಹೆಂಡತಿ ಜಯಮ್ಮ.

"ನಿನಗೆ ತಂತ್ರಜ್ಞಾನ ಅರ್ಥವಾಗಲ್ಲ," ಎಂದೆ. ಆಮೇಲೆ ಹನ್ನೆರಡು ದಿನ ಕಂಪ್ಯೂಟರ್ ಮುಂದೆ ಕೂತೆ.

ವ್ಯವಸ್ಥೆ ಸರಳ. ನೆಂಟರೆಲ್ಲ ಸೇರಿ ಒಂದು ಲಿಸ್ಟ್. ಅದರೊಳಗೆ ಒಬ್ಬೊಬ್ಬರಿಗೂ ಒಂದು ಡಿಕ್ಷನರಿ, ಅಂದರೆ ಚೀಟಿ ಅಂಟಿಸಿದ ಡಬ್ಬಿಗಳ ಸಾಲು: ‘ಹೆಸರು’, ‘ಊರು’, ಕೊನೆಗೆ ‘ಷರಾ’. ಷರಾ ನನ್ನ ಕಣ್ಣಿಗೆ ಮಾತ್ರ. ಊಟಕ್ಕೆ ಯಾರನ್ನು ಎಲ್ಲಿ ಕೂರಿಸಬೇಕು, ಯಾರ ಪಕ್ಕ ಯಾರನ್ನು ಕೂರಿಸಬಾರದು ಎಂಬ ಆಡಳಿತಾತ್ಮಕ ರಹಸ್ಯಗಳು ಅದರಲ್ಲಿದ್ದವು. ಬೇಕಾದ್ದನ್ನು ಚೀಟಿಯ ಹೆಸರು ಹೇಳಿಯೇ ತೆಗೆಯಬೇಕೆಂದು ವಿಡಿಯೋದವರು ಬಡಕೊಂಡಿದ್ದರು. ಅಷ್ಟೆಲ್ಲ ಟೈಪ್ ಮಾಡುವವರು ಯಾರು? ಮೊದಲ ಡಬ್ಬಿ ಹೆಸರು, ಎರಡನೆಯದು ಊರು. ನಾನು ಎಣಿಸಿ ತೆಗೆದೆ.

ಅಚ್ಚಾಗಿ ಬಂದ ಕಟ್ಟಿನಲ್ಲಿ ಮೇಲಿನ ಹತ್ತು ಕವರ್ ಪರೀಕ್ಷಿಸಿದೆ. ಚನ್ನರಾಯಪಟ್ಟಣ, ಸಾಲಗಾಮೆ, ಶಾಂತಿಗ್ರಾಮ, ಒಂದೂ ತಪ್ಪಿರಲಿಲ್ಲ. ಜಯಮ್ಮ ಮೂಲೆಗಳಿಗೆ ಅರಿಶಿನ ಹಚ್ಚಿ, ಕನ್ನಡಕ ಮನೆಯಲ್ಲೇ ಮರೆತು, ಮೊದಲ ಪತ್ರಿಕೆಯನ್ನು ಅರಕಲಗೂಡಿನ ತನ್ನ ಅಣ್ಣ ತಮ್ಮಯ್ಯನವರಿಗೆ ಕೈಯಾರೆ ಕೊಟ್ಟುಬಂದಳು. ಮಗಳನ್ನು ಹಸೆಮಣೆಗೆ ಕರೆತರಬೇಕಾದ ಸೋದರಮಾವ ಅವರೇ.

ಮಾರನೆಯ ಬೆಳಿಗ್ಗೆ ಅವರು ಕವರ್ ಸಮೇತ ನಮ್ಮ ಜಗಲಿಯಲ್ಲಿದ್ದರು.

"ಓದಿ ಭಾವ, ಜೋರಾಗ್ ಓದಿ."

ಓದಿದೆ. "ಶ್ರೀ ತಮ್ಮಯ್ಯನವರು, ಮೊದಲ ಪಂಕ್ತಿಯಲ್ಲಿ ಕೂರಿಸದಿದ್ದರೆ ಎಲೆ ಬಿಟ್ಟು ಏಳುವ ಆಸಾಮಿ."

ಹೆಂಡತಿಯ ಅಣ್ಣನ ಊರನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ? ನಾನೂ ಬರೆದಿರಲಿಲ್ಲ. ಊರಿನ ಡಬ್ಬಿಯೇ ಇಲ್ಲದ ಕಡೆ ಎರಡನೆಯದಾಗಿ ಕೈಗೆ ಸಿಕ್ಕಿದ್ದು ಷರಾ. ದೂರದವರಿಗೆಲ್ಲ ಅವರವರ ಊರು, ಹತ್ತಿರದವರಿಗೆಲ್ಲ ಅವರವರ ಯೋಗ್ಯತೆ ಅಚ್ಚಾಗಿತ್ತು.

"ಪ್ರೋಗ್ರಾಂ ಸರಿಯಾಗೇ ಇದೆ," ಎಂದೆ. "ಎರಡನೇದು ಕೇಳ್ದೆ, ಎರಡನೇದು ಕೊಡ್ತು."

"ಅಂಗಾರೆ ನಾನ್ ಬರಾಕಿಲ್ಲ ಕಣ್ ಭಾವ. ನಿಮ್ ಕಂಪ್ಯೂಟ್ರೇ ಮಗೀನ ಅಸೆಮಣೆಗೆ ಕರ್ಕಂಡ್ ಬರ್ಲಿ."

ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಬಾಡಿತು. ಆದರೂ ನಾನು ತಲೆ ಬಾಗಲಿಲ್ಲ. "ಬರೆದದ್ದು ಸುಳ್ಳಾದ್ರೆ ಮದುವೆಗೆ ಬಂದು ತೋರಿಸಿ," ಎಂದೆ.

ಅವರು ಕವರ್ ಜೇಬಿಗಿಟ್ಟುಕೊಂಡು ಹೋದರು. ಉಳಿದ ಕವರ್‌ಗಳನ್ನು ಜಯಮ್ಮ ಅಂದು ಸಂಜೆಯೊಳಗೆ ಪೆನ್ನಿನಲ್ಲಿ ಬರೆದು ಮುಗಿಸಿದಳು. ನಾನು ಆ ಕಡೆ ನೋಡಲಿಲ್ಲ.

ಮದುವೆಯ ದಿನ ತಮ್ಮಯ್ಯನವರು ಎಲ್ಲರಿಗಿಂತ ಮೊದಲು ಬಂದರು. ಮಗಳ ಕೈಹಿಡಿದು ಹಸೆಮಣೆಗೆ ಕರೆತಂದರು. ನನ್ನ ಕಣ್ಣು ತುಂಬಿತು. ಆದರೆ ಊಟದ ಮೊದಲ ಪಂಕ್ತಿಗೆ ಕರೆದಾಗ ಏಳಲಿಲ್ಲ. ಕೊನೆಯ ಪಂಕ್ತಿಯವರೆಗೂ ಕಾದು, ನನ್ನನ್ನೂ ಪಕ್ಕದಲ್ಲೇ ಕೂರಿಸಿಕೊಂಡರು. ಅಷ್ಟು ಹೊತ್ತಿಗೆ ಒಬ್ಬಟ್ಟು ಮುಗಿದಿತ್ತು, ಪಾಯಸದ ತಳ ಕೆರೆಯುತ್ತಿದ್ದರು. ಅವರು ಆರಿದ ಅನ್ನಕ್ಕೆ ಸಾರು ಕಲಸಿಕೊಂಡು ನೆಮ್ಮದಿಯಾಗಿ ಉಣ್ಣತೊಡಗಿದರು.

"ಹೆಣ್ಣಿನ ತಂದೆಗೆ ಒಂದು ಒಬ್ಬಟ್ಟು ಎತ್ತಿಡೋಕಾಗ್ಲಿಲ್ವಾ!" ಎಂದು ಬಡಿಸುವವರ ಮೇಲೆ ಕೂಗಿ, ನಾನು ಎಲೆ ಬಿಟ್ಟು ಎದ್ದೆ.

ಇಡೀ ಪಂಕ್ತಿ ಉಣ್ಣುವುದನ್ನು ನಿಲ್ಲಿಸಿತು. ತಮ್ಮಯ್ಯನವರು ಎಡಗೈಯಲ್ಲಿ ಜೇಬಿನಿಂದ ಆ ಕವರ್ ತೆಗೆದು ತಂಗಿಗೆ ಕೊಟ್ಟರು. ಜಯಮ್ಮ ಅಣ್ಣನ ಹೆಸರು ಹೊಡೆದುಹಾಕಿ, ಅದರ ಮೇಲೆ ನನ್ನ ಹೆಸರು ಬರೆದು, ಕವರನ್ನು ನನ್ನ ಕೈಗಿಟ್ಟಳು.

"ಪೆನ್ನಲ್ಲಿ ಎಷ್ಟ್ ಬೇಗ ಸರಿಹೋಯ್ತು ನೋಡ್ರೀ," ಎಂದಳು.