ಚಪ್ಪಾಳೆ ತಟ್ಟಿದರೆ ನಿಲ್ಲಿಸಬೇಕು

2019ರ ಜುಲೈ 13, ಶನಿವಾರ, ಬೆಳಗ್ಗೆ 10 ಗಂಟೆ 52 ನಿಮಿಷಕ್ಕೆ ಮಲೇಷ್ಯಾದ ತೈಪಿಂಗಿನ ನಮ್ಮ ಭಾಷಣ ಸಂಘದಲ್ಲಿ ನನಗೆ ಘೋರ ಅನ್ಯಾಯವಾಯಿತು. ವೇಳೆಯನ್ನು ಅಂದಾಜಿನಿಂದ ಹೇಳುತ್ತಿಲ್ಲ. ಮೂವತ್ನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ಅಂಗುಲ ಅಂಗುಲ ಅಳೆದು ನಿವೃತ್ತನಾದ ಓಂಗ್ ಕೆಂಗ್ ಹೂಯಿ ನಾನು.

ಸಂಘದಲ್ಲಿ ಹದಿನೇಳು ಸದಸ್ಯರಿದ್ದೆವು. ತಿಂಗಳೊಳಗೆ ಇಪ್ಪತ್ತಾಗದಿದ್ದರೆ ಮುಚ್ಚುವುದೆಂದು ಮೇಲಿನವರ ಆಜ್ಞೆ. ಸದಸ್ಯತ್ವ ಕಾರ್ಯದರ್ಶಿಯಾದ ನಾನು ಎದೆಯುಬ್ಬಿಸಿ ಘೋಷಿಸಿದೆ: "ಬರುವ ಅತಿಥಿಗಳು ನನ್ನ ಮಾತಿಗೆ ಮರುಳಾಗಿ ಸಹಿ ಹಾಕದಿದ್ದರೆ, ಈ ಹುದ್ದೆಯೇ ನನಗೆ ಬೇಡ!"

ಬಂದ ಅತಿಥಿಗಳು ಇಬ್ಬರು, ನಿವೃತ್ತ ದಾದಿಯರು. ಮೂರನೆಯ ಕುರ್ಚಿ ಖಾಲಿ ಕಾಣಬಾರದೆಂದು ಹೆಂಡತಿ ಗೆಯೋಕ್ ಇಮ್ಮಳನ್ನು ಕರೆದೊಯ್ದೆ.

"ನಾನ್ಯಾಕೆ ಬರ್ಲಿ? ನಿನ್ನ ಭಾಷಣ ಬಚ್ಚಲಮನೆಯಿಂದ ದಿನಾ ಕೇಳ್ತೀನಲ್ಲ!"

"ಸುಮ್ನೆ ಕೂತು ಬಾ ಮಾರಾಯ್ತಿ. ತಿಂಡಿ ಕೊಡ್ತಾರೆ."

ಅತಿಥಿಗಳಿಗೂ ಒಂದು ವಿಷಯ ಕೊಟ್ಟು ಎರಡು ನಿಮಿಷದ ಆಶುಭಾಷಣ ಮಾಡಿಸುವುದು ನಮ್ಮ ಪದ್ಧತಿ. ಎರಡು ನಿಮಿಷಕ್ಕೆ ಕೆಂಪು ಚೀಟಿ ಏಳುತ್ತದೆ. ಮತ್ತೆ ಅರ್ಧ ನಿಮಿಷ ಕಳೆದರೂ ನಿಲ್ಲಿಸದವರನ್ನು ಸಭೆ ಚಪ್ಪಾಳೆ ತಟ್ಟಿ ಕೂರಿಸುತ್ತದೆ. ಸದಸ್ಯರೆಲ್ಲರಿಗೂ ಇದು ಗೊತ್ತು. ಅತಿಥಿಗಳಿಗೆ ತಿಳಿಸುವ ಹೊಣೆ ನನ್ನದು. ನನ್ನ ಸ್ವಾಗತ ಭಾಷಣದ ಭವ್ಯತೆಯಲ್ಲಿ ಅದೊಂದು ಬಿಟ್ಟುಹೋಯಿತು!

ಗೆಯೋಕ್ ಇಮ್ಮಳಿಗೆ ಬಂದ ವಿಷಯ: 'ಹಳತಾದರೂ ಎಸೆಯಲಾಗದ ವಸ್ತು.' ಅವಳು ನನ್ನತ್ತ ಕೈ ತೋರಿಸಿದಳು.

"ಅಗೋ, ಅಲ್ಲಿ ಕೂತಿದೆ. ಈ ಸಂಘಕ್ಕೆ ಸೇರಿದ ಮೇಲೆ ನನ್ನ ಅಡುಗೆಗೂ ವಿಮರ್ಶೆ. ಮೊದಲು ಹೊಗಳ್ಬೇಕು, ಆಮೇಲೆ ತಪ್ಪು ಹೇಳ್ಬೇಕು, ಕೊನೆಗೆ ಮತ್ತೆ ಹೊಗಳ್ಬೇಕಂತೆ. ಲಕ್ಸಾ ಬಡಿಸಿದ್ರೆ, 'ಪರಿಮಳ ಸೊಗಸಾಗಿದೆ. ಮೀನು ಸಾಲದು, ಹುಳಿ ಜಾಸ್ತಿ, ಶಾವಿಗೆ ಮುದ್ದೆ. ಬಟ್ಟಲು ಮಾತ್ರ ಅದ್ಭುತ!'"

ಕೆಂಪು ಚೀಟಿ ಎದ್ದಿತು. ಅವಳು ಅದಕ್ಕೂ ಕೈಬೀಸಿದಳು. ನಿಯಮದಂತೆ ಮೊದಲ ಚಪ್ಪಾಳೆ ತಟ್ಟಿದವನು ನಾನೇ! ಸಭೆಯೆಲ್ಲ ತಟ್ಟಿತು. ಗೆಯೋಕ್ ಇಮ್ಮಳ ಮುಖ ಅರಳಿತು.

"ಅಯ್ಯೋ, ಇಷ್ಟೊಂದು ಇಷ್ಟ ಆಯ್ತಾ? ಹಾಗಾದ್ರೆ ಇನ್ನೊಂದು ಹೇಳ್ತೀನಿ ಕೇಳಿ!"

ನಾವು ತಟ್ಟಿದಷ್ಟೂ ಅವಳು ಹೇಳಿದಳು. ಅವಳು ಹೇಳಿದಷ್ಟೂ ನಾವು ತಟ್ಟಿದೆವು. ಮಗಳ ಮದುವೆಯಲ್ಲಿ ನಾನು ಬೀಗರ ಮಾತಿನ ವೇಳೆ ಅಳೆದು ಗಂಟೆ ಬಾರಿಸಿದ್ದೂ ಹೊರಬಂತು. ಒಂಬತ್ತನೆಯ ನಿಮಿಷದಿಂದ ಸಭೆ ನಿಯಮಕ್ಕಾಗಿ ತಟ್ಟುತ್ತಿರಲಿಲ್ಲ. ದಾದಿಯರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಅವಳು ಕುಳಿತಾಗ ಹದಿನಾಲ್ಕು ನಿಮಿಷವಾಗಿತ್ತು.

"ಈ ಆಂಟಿ ಇರೋದಾದ್ರೆ ನಾವೂ ಸೇರ್ತೀವಿ!" ಎಂದು ದಾದಿಯರು ಸಹಿ ಹಾಕಿದರು. ಮೂರನೆಯ ಸಹಿ ಗೆಯೋಕ್ ಇಮ್ಮಳದು. ಸಂಘ ಉಳಿಯಿತು.

ಅಧ್ಯಕ್ಷೆ ಪುವಾನ್ ಸಲ್ಬಿಯಾ ನನ್ನ ಕೈ ಹಿಡಿದರು. "ಅಂಕಲ್, ಬೇಜಾರು ಮಾಡ್ಕೋಬೇಡಿ. ಸಹಿ ಬಿದ್ದಿದ್ದು ನಿಮ್ಮ ಮಾತಿಗಲ್ಲವಲ್ಲ. ಹುದ್ದೆ ಬೇಡ ಅಂತ ನೀವೇ ಅಂದಿದ್ರಿ..."

ಹೊಸ ಕಾರ್ಯದರ್ಶಿ ಯಾರೆಂದು ನಾನು ಬರೆಯಲಾರೆ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ಆಗ್ರಹ: ಚಪ್ಪಾಳೆಯ ನಿಯಮವನ್ನು ದಪ್ಪ ಅಕ್ಷರದಲ್ಲಿ ಗೋಡೆಗೆ ಹಚ್ಚತಕ್ಕದ್ದು, ನನ್ನ ಹುದ್ದೆಯನ್ನು ಹದಿನಾಲ್ಕು ದಿನಗಳೊಳಗೆ ಮರಳಿಸತಕ್ಕದ್ದು. ಉತ್ತರವನ್ನು ಮನೆಯ ವಿಳಾಸಕ್ಕೆ ಕಳಿಸಬೇಡಿ. ಸಂಘದ ಟಪಾಲನ್ನೆಲ್ಲ ಈಗ ಕಾರ್ಯದರ್ಶಿಯವರೇ ಒಡೆದು, ಲಕ್ಸಾ ಬಡಿಸುತ್ತಾ ನನಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ.